ಎರಡೂ ಹೆಣ್ಣು ಎಂದು ತಂದ ಮೊಲಗಳಲ್ಲಿ ಒಂದು ಗಂಡು: ಗಬ್ಬ ಆಗಿರಬಹುದಾ?

ಪ್ರಶ್ನೆ: ದಾವಣಗೆರೆಯಿಂದ (ಜೂನ್ 4)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ಬಿಳಿ ಮೊಲಗಳಿವೆ. ಎರಡೂ ಹೆಣ್ಣು ಎಂದೇ ಅಂಗಡಿಯಲ್ಲಿ ಕೊಟ್ಟಿದ್ದರು. ಈಗ ಸುಮಾರು ಐದು ತಿಂಗಳ ಪ್ರಾಯ, ಮರಿಯಿದ್ದಾಗಿನಿಂದ ಒಂದೇ ಗೂಡು. ಜೂನ್ 2ರ ಸಂಜೆ ಒಂದು ಇನ್ನೊಂದರ ಮೇಲೆ ಹತ್ತಿತು, ಕೆಲವೇ ಸೆಕೆಂಡಿನಲ್ಲಿ ಸಣ್ಣಗೆ ಕಿರುಚಿ ಪಕ್ಕಕ್ಕೆ ಉರುಳಿತು. ಕೂಡಲೇ ಬೇರೆ ಬೇರೆ ಮಾಡಿದ್ದೇವೆ. ಕೆಳಗಿದ್ದದ್ದು 1.7 ಕೆಜಿ ತೂಗುತ್ತದೆ, ಚೆನ್ನಾಗಿ ತಿನ್ನುತ್ತಿದೆ.

ಒಂದೇ ಸಲಕ್ಕೆ ಗಬ್ಬ ಕಟ್ಟುತ್ತದಾ? ಯಾವಾಗ ಗೊತ್ತಾಗುತ್ತದೆ? ನಮಗೆ ಮರಿಗಳನ್ನು ಸಾಕುವಷ್ಟು ಜಾಗವಿಲ್ಲ. ಪಪ್ಪಾಯಿ, ಎಳ್ಳು ತಿನ್ನಿಸಿದರೆ ಇಳಿದುಹೋಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ, ನಿಜವೇ?

ಉತ್ತರ: ಪಶುವೈದ್ಯೆ, ಹಾಸನ

ಮೊದಲು ಪಪ್ಪಾಯಿ ವಿಷಯ. ದಯವಿಟ್ಟು ಕೊಡಬೇಡಿ. ಪಪ್ಪಾಯಿ, ಎಳ್ಳು, ಅನಾನಸ್ ಯಾವುದರಿಂದಲೂ ಮೊಲದ ಗಬ್ಬ ಇಳಿಯುವುದಿಲ್ಲ. ಸಿಹಿ ಮತ್ತು ಎಣ್ಣೆ ಅಂಶ ಜಾಸ್ತಿಯಾದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಏರುಪೇರಾಗಿ ಭೇದಿ ಅಥವಾ ಹೊಟ್ಟೆಯುಬ್ಬರ ಬರುತ್ತದೆ, ಅದರಲ್ಲಿ ತಾಯಿಯೇ ಹೋಗಬಹುದು. ಮನುಷ್ಯರ ಗರ್ಭಪಾತದ ಮಾತ್ರೆಗಳನ್ನಂತೂ ಹತ್ತಿರ ತರಬೇಡಿ.

ಒಂದೇ ಸಲಕ್ಕೆ ಗಬ್ಬ ಕಟ್ಟುತ್ತದೆ. ಹಸು, ನಾಯಿಗಳಂತೆ ಮೊಲಕ್ಕೆ ಗೊತ್ತಾದ ಬೆದೆಯ ಚಕ್ರವಿಲ್ಲ. ಕೂಡಿದ ಪ್ರಚೋದನೆಯಿಂದಲೇ ಸುಮಾರು 10 ಗಂಟೆಯ ನಂತರ ಅಂಡ ಬಿಡುಗಡೆಯಾಗುತ್ತದೆ. ಹೆಣ್ಣು ಮೊಲಗಳೂ ಒಂದರ ಮೇಲೊಂದು ಹತ್ತುವುದುಂಟು, ಅದು ಯಜಮಾನಿಕೆಗೆ. ಆದರೆ ಕಿರುಚಿ ಪಕ್ಕಕ್ಕೆ ಬೀಳುವುದು ಗಂಡಿನ ಲಕ್ಷಣ, ಕೂಡುವಿಕೆ ಪೂರ್ತಿಯಾಗಿದೆ ಎಂದೇ ಅರ್ಥ.

ಇನ್ನು ನೀವು ಗಮನಿಸಲೇಬೇಕಾದ ಒಂದು ಮಾತಿದೆ. ಜೂನ್ 2 ನೀವು ನೋಡಿದ ದಿನ, ಅವು ಮೊದಲ ಸಲ ಕೂಡಿದ ದಿನ ಅದೇ ಎನ್ನಲಾಗದು. ಗಂಡಿಗೆ ಮೂರೂವರೆ, ನಾಲ್ಕು ತಿಂಗಳಿಗೇ ಶಕ್ತಿ ಬರುತ್ತದೆ, ಸಣ್ಣ ತಳಿಯ ಹೆಣ್ಣಿಗೂ ಹೆಚ್ಚುಕಡಿಮೆ ಹಾಗೆಯೇ. ಜೊತೆಗಿದ್ದವು ಅಂದಮೇಲೆ ಗಬ್ಬಕ್ಕೆ ಮೂರು ದಿನವೂ ಆಗಿರಬಹುದು, ಮೂರು ವಾರವೂ ಆಗಿರಬಹುದು. ಗಬ್ಬದ ಅವಧಿ 28ರಿಂದ 32 ದಿನ, ಬಹುಪಾಲು 31. ಜೂನ್ 2ರಿಂದ ಎಣಿಸಿದರೆ ಕೊನೆಯ ಗಡುವು ಜುಲೈ 4. ಮೊದಲ ಗಡುವು ಮಾತ್ರ ಗೊತ್ತಿಲ್ಲ, ಆದ್ದರಿಂದ ಗೂಡುಪೆಟ್ಟಿಗೆಯ ಸಾಮಾನು ಇವತ್ತೇ ಹೊಂದಿಸಿಟ್ಟುಕೊಳ್ಳಿ.

ಪರೀಕ್ಷೆಗೆ ಅಲ್ಟ್ರಾಸೌಂಡ್ ಒಳ್ಳೆಯದು, ಗಬ್ಬಕ್ಕೆ 10 ದಿನ ತುಂಬಿದರೆ ಕಾಣುತ್ತದೆ. ಈ ವಾರವೇ ಒಮ್ಮೆ ಮಾಡಿಸಿ. ಏನೂ ಕಾಣದಿದ್ದರೆ ನಿರಾಳ ಎಂದುಕೊಳ್ಳಬೇಡಿ, ಜೂನ್ 14ರ ಸುಮಾರಿಗೆ ಮತ್ತೊಮ್ಮೆ ಬೇಕು. ಅನುಭವವಿದ್ದವರು 10ರಿಂದ 14ನೇ ದಿನದ ನಡುವೆ ಹೊಟ್ಟೆ ಮುಟ್ಟಿ ಹೇಳುತ್ತಾರೆ, ಗೋಲಿಯಂಥ ಗಂಟುಗಳು ಸಾಲಾಗಿ ಸಿಗುತ್ತವೆ. ನೀವು ಒತ್ತಿ ನೋಡಬೇಡಿ. ಕರುಳಿನ ಹಿಕ್ಕೆಯೂ ಕೈಗೆ ಹಾಗೆಯೇ ಸಿಗುತ್ತದೆ, ಜೋರಾಗಿ ಒತ್ತಿದರೆ ಮರಿಗೆ ಪೆಟ್ಟಾಗುತ್ತದೆ. ಪರೀಕ್ಷೆಗೆಂದು ಮತ್ತೆ ಗಂಡಿನ ಹತ್ತಿರ ಬಿಡುವ ಹಳೆಯ ರೂಢಿಯೂ ಬೇಡ. ಗಬ್ಬದ ಹೆಣ್ಣು ಕೂಡ ಗಂಡನ್ನು ಸೇರಿಸಿಕೊಳ್ಳುವುದುಂಟು.

ಸುಳ್ಳು ಗಬ್ಬವೂ ಇದೆ. ಅಂಡ ಬಿಡುಗಡೆಯಾಗಿ ಗಬ್ಬ ನಿಲ್ಲದಿದ್ದರೆ 16ರಿಂದ 18ನೇ ದಿನಕ್ಕೆ ಮೊಲ ಬಾಯಲ್ಲಿ ಹುಲ್ಲು ಹೊತ್ತು ತಿರುಗುತ್ತದೆ, ಎದೆಯ ತುಪ್ಪಳ ಕಿತ್ತು ಗೂಡು ಕಟ್ಟುತ್ತದೆ. ಎರಡು ಮೂರು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಸ್ಕ್ಯಾನ್ ಆಗಿಲ್ಲದಿದ್ದರೆ ಅದನ್ನೂ ನಿಜವೆಂದೇ ತಿಳಿದು ಪೆಟ್ಟಿಗೆ ಇಡುವುದು ಕ್ಷೇಮ.

ಮರಿ ಬೇಡವೆಂದರೆ ಇರುವ ಸರಿಯಾದ ದಾರಿ ಗರ್ಭಕೋಶ, ಅಂಡಾಶಯ ತೆಗೆಯುವ ಆಪರೇಷನ್. ಮೊದಲ ಎರಡು ವಾರದೊಳಗೆ ಆದರೆ ಮಾಮೂಲಿ ಆಪರೇಷನ್‌ಗಿಂತ ಹೆಚ್ಚು ಕಷ್ಟವಿಲ್ಲ. ದಿನ ಕಳೆದಂತೆ ಗರ್ಭಕೋಶದ ರಕ್ತನಾಳ ದಪ್ಪವಾಗುತ್ತವೆ, ರಕ್ತ ಹೆಚ್ಚು ಹೋಗುತ್ತದೆ. ನಾಲ್ಕು ವರ್ಷ ದಾಟಿದ, ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಹಾಗಾಗಿ ಈ ಆಪರೇಷನ್ ಇವತ್ತಲ್ಲದಿದ್ದರೂ ಮುಂದೆ ಹೇಗೂ ಬೇಕಾಗಿದ್ದೇ.

ಉತ್ತರ: ಮೊಲ ಸಾಕಣೆ, ಶಿರಸಿ

ಮೇಡಂ ಹೇಳಿದ್ದು ಸರಿ, ಆದರೆ ಒಂದು ಷರತ್ತು ಸೇರಿಸುತ್ತೇನೆ. ಮೊಲಕ್ಕೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರು ಸಿಗದಿದ್ದರೆ, ಆಪರೇಷನ್‌ಗಿಂತ ಮರಿ ಹಾಕಿಸುವುದೇ ತಾಯಿಗೆ ಕ್ಷೇಮ. ಐದು ತಿಂಗಳ ಆರೋಗ್ಯವಂತ ಮೊಲ ಸಾಮಾನ್ಯವಾಗಿ ಸುಲಭವಾಗಿ ಈಯುತ್ತದೆ.

ವೈದ್ಯರನ್ನು ಅಳೆಯಲು ಎರಡು ಪ್ರಶ್ನೆ ಸಾಕು. "ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಕಾ?" ಎಂದು ಕೇಳಿ. ಹೌದು ಎಂದರೆ ಬೇರೆಯವರನ್ನು ನೋಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಉಪವಾಸದ ಅಗತ್ಯವೇ ಇಲ್ಲ, ರಾತ್ರಿಯಿಡೀ ಹಸಿದರೆ ಕರುಳಿನ ಚಲನೆ ನಿಲ್ಲುತ್ತದೆ. ಎರಡನೆಯದು, ಆಮೇಲೆ ಯಾವ ಆ್ಯಂಟಿಬಯೋಟಿಕ್ ಕೊಡುತ್ತೀರಿ ಎಂದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಬಾಯಿಯ ಮೂಲಕ ಕೊಟ್ಟರೆ ಮೊಲ ಸಾಯುತ್ತದೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ದಾವಣಗೆರೆಯಿಂದ ಶಿವಮೊಗ್ಗ ಹತ್ತಿರ, ಮೊದಲು ಫೋನ್ ಮಾಡಿ ಹೋಗಿ.

ಲಿಂಗವನ್ನು ಕೂಡ ಖಚಿತ ಮಾಡಿಕೊಳ್ಳಿ. ಮಡಿಲಲ್ಲಿ ಅಂಗಾತ ಹಿಡಿದು ಜನನಾಂಗದ ಎರಡೂ ಬದಿ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಂಡಿನಲ್ಲಿ ತುದಿಯಲ್ಲಿ ದುಂಡು ತೂತಿರುವ ಕೊಳವೆ ಏಳುತ್ತದೆ, ಹೆಣ್ಣಿನಲ್ಲಿ ಉದ್ದನೆಯ ಸೀಳು. ಐದು ತಿಂಗಳ ಗಂಡಿಗೆ ತೊಡೆಸಂದಿನ ಎರಡೂ ಕಡೆ ಕೂದಲಿಲ್ಲದ ಬೀಜದ ಚೀಲ ಕಾಣಬೇಕು. ಹೆದರಿದಾಗ ಬೀಜವನ್ನು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ಕಾಣಲಿಲ್ಲವೆಂದರೆ ಹೆಣ್ಣು ಎಂದು ತೀರ್ಮಾನಿಸಬೇಡಿ. ಅಂಗಡಿಗಳಲ್ಲಿ ಎಡವುವುದು ಇಲ್ಲೇ. ಆರು, ಏಳು ವಾರದ ಮರಿಗೆ ಬೀಜ ಇನ್ನೂ ಇಳಿದಿರುವುದಿಲ್ಲ.

ಬೇರೆ ಮಾಡಿದ್ದೇವೆ ಅಂದಿರಿ. ನಡುವೆ ಬರೀ ಜಾಲರಿ ಇದ್ದರೆ ಸಾಲದು, ಜಾಲರಿಯ ಮೂಲಕವೇ ಕೂಡಿದ ಉದಾಹರಣೆಗಳಿವೆ. ಎರಡು ಗೂಡುಗಳ ನಡುವೆ ಒಂದಡಿಯಾದರೂ ಅಂತರವಿರಲಿ, ಓಡಾಡಲು ಬಿಡುವ ಹೊತ್ತೂ ಬೇರೆ ಬೇರೆ ಇರಲಿ.

ಪ್ರಶ್ನೆ ಕೇಳಿದವರು (ಜೂನ್ 6)

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಸ್ಕ್ಯಾನ್ ಆಯಿತು. ಗಬ್ಬ ಖಚಿತ, ಕನಿಷ್ಠ ನಾಲ್ಕು ಮರಿ, ಆಗಲೇ ಸುಮಾರು 20 ದಿನ ಆಗಿದೆಯಂತೆ. ಇಷ್ಟು ಮುಂದೆ ಹೋದಮೇಲೆ ಆಪರೇಷನ್ ಬೇಡ, ಮರಿ ಹಾಕಲಿ ಎಂದರು. ಈಗ ಆಹಾರ, ಗೂಡು ಹೇಗೆ? ತಾಯಿ ಮರಿಗಳನ್ನು ತಿನ್ನುತ್ತದೆ, ನಾವು ಮುಟ್ಟಿದರೆ ಬಿಟ್ಟುಬಿಡುತ್ತದೆ ಎನ್ನುತ್ತಾರೆ, ಅದಕ್ಕೇ ಭಯ.

ಉತ್ತರ: ಮೊಲ ಸಾಕಣೆ, ಶಿರಸಿ

20 ದಿನ ಅಂದರೆ ಜೂನ್ 14ರಿಂದ 18ರ ಒಳಗೆ ಈಯುತ್ತದೆ. ಎಣಿಕೆ ಇನ್ನು ಸ್ಕ್ಯಾನ್ ಹೇಳಿದ ತಾರೀಖಿನಿಂದಲೇ, ಜೂನ್ 2ನ್ನು ಲೆಕ್ಕದಿಂದ ಬಿಡಿ.

ಆಹಾರ: ಒಣಹುಲ್ಲು, ಹಸಿಹುಲ್ಲು (ಗರಿಕೆ, ಗಿನಿ ಹುಲ್ಲು) ಹೊಟ್ಟೆ ತುಂಬ ಇರಲಿ. ಮರಿಗಳ ಬೆಳವಣಿಗೆಯ ಹೆಚ್ಚಿನ ಪಾಲು ಈ ಕೊನೆಯ ಹತ್ತು ದಿನದಲ್ಲೇ ಆಗುವುದು, ಅದಕ್ಕೆ ಕುದುರೆಮಸಾಲೆ ಸೊಪ್ಪು ದಿನಕ್ಕೊಂದು ಹಿಡಿ ಸೇರಿಸಿ. ಪೆಲೆಟ್ (ಮೊಲದ ಗುಳಿಗೆ ಮೇವು) ಈಗ 40 ಗ್ರಾಂ ಕೊಡುತ್ತಿದ್ದರೆ ದಿನಕ್ಕೆ ಐದು ಗ್ರಾಂನಂತೆ ಏರಿಸುತ್ತ 70, 80 ಗ್ರಾಂಗೆ ತನ್ನಿ. ಒಮ್ಮೆಲೇ ಏರಿಸಿದರೆ ಭೇದಿ. ಮರಿ ಹಾಕಿದ ಮೇಲೆ ತಿಂದಷ್ಟು ಕೊಡಿ. ಬಾಣಂತಿಗೆ ಎಂದು ಬೆಲ್ಲ, ತುಪ್ಪ, ರವೆ, ಬ್ರೆಡ್ಡು ಯಾವುದೂ ಬೇಡ. ನೀರನ್ನು ನಿಪ್ಪಲ್ ಬಾಟಲಿಯ ಬದಲು ಭಾರದ ಮಣ್ಣಿನ ಬಟ್ಟಲಲ್ಲಿ ಇಡಿ, ಹಾಲು ಕೊಡುವಾಗ ವಿಪರೀತ ಕುಡಿಯುತ್ತದೆ. ಬಹಳಷ್ಟು ಸಲ ತಾಯಿ ಮರಿಯನ್ನು ಕಚ್ಚುವುದು ಬಾಯಾರಿಕೆ, ಗಾಬರಿಯಿಂದ.

ಪೆಟ್ಟಿಗೆ: ಒಳಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮುಂದಿನ ಹಲಗೆ ಆರು ಇಂಚು ಎತ್ತರ ಇರಲಿ. ತಾಯಿ ಹಾರಿ ಹೋಗಬೇಕು, ಮರಿ ಹೊರಗೆ ಬರಬಾರದು. ತಳಕ್ಕೆ ಉಚ್ಚೆ ಇಳಿಯಲು ನಾಲ್ಕೈದು ಸಣ್ಣ ತೂತು. ಹಾಸಿಗೆಗೆ ಮೆತ್ತನೆಯ ಒಣಹುಲ್ಲು ನಾಲ್ಕು ಇಂಚು ತುಂಬಿ ನಡುವೆ ಮುಷ್ಟಿಯಿಂದ ಗುಳಿ ಮಾಡಿ. ಹತ್ತಿ, ಹಳೆಯ ಬಟ್ಟೆ ಹಾಕಬೇಡಿ, ಎಳೆ ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲುತ್ತದೆ. ಜೂನ್ 12ಕ್ಕೆ ಗೂಡಿನೊಳಗೆ ಇಡಿ, ಅದು ಉಚ್ಚೆ ಹೊಯ್ಯುವ ಮೂಲೆ ಬಿಟ್ಟು. ತುಂಬಾ ಮುಂಚೆ ಇಟ್ಟರೆ ಅದನ್ನೇ ಕಕ್ಕಸು ಮಾಡಿಕೊಳ್ಳುತ್ತದೆ.

ನಮ್ಮ ಕಡೆ ಮರಿಗಳ ದೊಡ್ಡ ಶತ್ರು ಇರುವೆ. ಹುಟ್ಟಿದ ವಾಸನೆಗೆ ರಾತ್ರಿಯಲ್ಲೇ ಸಾಲು ಬರುತ್ತದೆ. ಗೂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಗೂಡು ಗೋಡೆಗೆ ತಾಗದಿರಲಿ. ಇರುವೆ ಚಾಕ್‌ಪೀಸ್, ಇರುವೆ ಪುಡಿ ಹತ್ತಿರ ಹಾಕಬೇಡಿ, ಅದು ಕೀಟನಾಶಕ.

ಉತ್ತರ: ಪಶುವೈದ್ಯೆ, ಹಾಸನ

ಮುಟ್ಟಿದರೆ ಬಿಡುತ್ತದೆ ಎನ್ನುವುದು ಸುಳ್ಳು. ಮುಟ್ಟದೆ ಬಿಟ್ಟರೇ ಮರಿ ಕಳೆದುಕೊಳ್ಳುತ್ತೀರಿ.

ಈಯುವುದು ಹೆಚ್ಚಾಗಿ ಬೆಳಗಿನ ಜಾವ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಾಸನ್ನು ತಾಯಿ ತಾನೇ ತಿನ್ನುತ್ತದೆ, ತಡೆಯಬೇಡಿ. ಮುಗಿದ ಮೇಲೆ ತಾಯಿಗೆ ಇಷ್ಟದ ಸೊಪ್ಪು ಕೊಟ್ಟು ಆಚೆ ಕರೆದು, ಕೈ ತೊಳೆದು ಮರಿ ಎಣಿಸಿ. ಸತ್ತದ್ದನ್ನು ತೆಗೆಯಿರಿ. ಹೊರಗೆ ಬಿದ್ದು ತಣ್ಣಗಾದ ಮರಿ ಕದಲದಿದ್ದರೂ ಸತ್ತಿದೆ ಎಂದು ಕೂಡಲೇ ಬಿಡಬೇಡಿ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಇಟ್ಟು ಮೆಲ್ಲಗೆ ಬೆಚ್ಚಗೆ ಮಾಡಿ. ಹಾಲು ಕೊಡುವುದು ಮೈ ಬೆಚ್ಚಗಾದ ಮೇಲೆಯೇ.

ತಾಯಿ ಗೂಡಿನಲ್ಲಿ ಕೂರುವುದೇ ಇಲ್ಲ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಮೊಲದ ಸ್ವಭಾವವೇ ಅದು. ದಿನಕ್ಕೆ ಒಂದು ಅಥವಾ ಎರಡು ಸಲ ಬಂದು ನಾಲ್ಕೈದು ನಿಮಿಷ ಹಾಲೂಡಿಸಿ ಹೋಗುತ್ತದೆ. ನೀವು ನೋಡಬೇಕಾದದ್ದು ಮರಿಯ ಹೊಟ್ಟೆ. ಬೆಳಿಗ್ಗೆ ಹೊಟ್ಟೆ ದುಂಡಗೆ, ಚರ್ಮ ನಯವಾಗಿದ್ದರೆ ಹಾಲು ಸಿಕ್ಕಿದೆ. ಚರ್ಮ ಸುಕ್ಕಾಗಿ ಹೊಟ್ಟೆ ಒಳಸರಿದಿದ್ದರೆ ಸಿಕ್ಕಿಲ್ಲ. 24 ಗಂಟೆಯಾದರೂ ಹಾಗೆಯೇ ಇದ್ದರೆ ತಾಯಿಯನ್ನು ಪೆಟ್ಟಿಗೆಯಲ್ಲಿ ಮರಿಗಳ ಮೇಲೆ ನಿಲ್ಲಿಸಿ, ಬೆನ್ನು ಸವರುತ್ತ ಐದು ನಿಮಿಷ ಹಿಡಿಯಿರಿ. ಬಹಳಷ್ಟು ಸಲ ಇಷ್ಟೇ ಸಾಕಾಗುತ್ತದೆ.

ಅದೂ ಆಗದಿದ್ದರೆ ಬೆಕ್ಕಿನ ಮರಿಗಳ ಹಾಲಿನ ಪುಡಿ, ಡಬ್ಬಿಯ ಮೇಲಿನ ಅಳತೆಯಲ್ಲೇ ಕಲಸಿ. ಹಸುವಿನ ಹಾಲು ಸಾಲದು. ಮೊಲದ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಅದರ ಸುಮಾರು ಮೂರು ಪಟ್ಟು. ದಿನದ ಒಟ್ಟು ಅಳತೆ ಹುಟ್ಟಿದ ಮರಿಗೆ 5 ಮಿಲಿ, ಒಂದು ವಾರಕ್ಕೆ 12ರಿಂದ 15, ಎರಡು ವಾರಕ್ಕೆ 25, ಮೂರು ವಾರಕ್ಕೆ 30 ಮಿಲಿ, ಎರಡು ಹೊತ್ತಿಗೆ ಹಂಚಿ. ಇದು ಗರಿಷ್ಠ, ಸಣ್ಣ ಮರಿಗೆ ಇನ್ನೂ ಕಡಿಮೆ. 1 ಮಿಲಿ ಸಿರಿಂಜಿನಲ್ಲಿ ಹನಿ ಹನಿಯಾಗಿ, ಮರಿ ಹೊಟ್ಟೆ ಕೆಳಗಾಗಿ ಇರುವಂತೆ ಹಿಡಿದು ಕುಡಿಸಿ. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಆಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಕೆಳಗೆ ಸವರಿ ಉಚ್ಚೆ ಮಾಡಿಸಿ.

ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು: ಕೊನೆಯ ವಾರದಲ್ಲಿ ಮೇವು ಬಿಟ್ಟು ಮಂಕಾಗುವುದು, ಅದು ಗಬ್ಬದ ನಂಜು, ಕೊಬ್ಬಿದ ಮೊಲಗಳಿಗೆ ಹೆಚ್ಚು, ಗಂಟೆಗಳಲ್ಲೇ ಕೈಮೀರುತ್ತದೆ. ಯಾವಾಗಲೇ ಆಗಲಿ 10, 12 ಗಂಟೆ ತಿನ್ನದಿರುವುದು, ಹಿಕ್ಕೆ ಹಾಕದಿರುವುದು. ಅರ್ಧ ಗಂಟೆ ತಿಣುಕಿಯೂ ಮರಿ ಬರದಿರುವುದು. ಹಸಿರು ಅಥವಾ ದುರ್ವಾಸನೆಯ ಸ್ರಾವ. ಮೊಲೆ ಗಟ್ಟಿಯಾಗಿ, ಬಿಸಿಯಾಗಿ, ಕೆಂಪು ಅಥವಾ ನೀಲಿಯಾಗುವುದು. ಜೂನ್ 20 ದಾಟಿದರೂ ಈಯದಿದ್ದರೆ ಎಕ್ಸ್‌ರೇ ಮಾಡಿಸಿ.

ಪ್ರಶ್ನೆ ಕೇಳಿದವರು

ಗಂಡನ್ನು ಮತ್ತೆ ಜೊತೆಗೆ ಬಿಡುವುದು ಯಾವಾಗ? ಎರಡೂ ತುಂಬಾ ಹೊಂದಿಕೊಂಡಿದ್ದವು.

ಉತ್ತರ: ಪಶುವೈದ್ಯೆ, ಹಾಸನ

ಈದ ದಿನವೇ ಹೆಣ್ಣು ಮತ್ತೆ ಗಬ್ಬ ಕಟ್ಟಬಲ್ಲದು. ಹಾಗಾಗಿ ಈಗ ಒಂದು ನಿಮಿಷವೂ ಬೇಡ. ಗಂಡಿನ ಬೀಜ ತೆಗೆಸುವ ಆಪರೇಷನ್ ಈ ವಯಸ್ಸಿಗೆ ಮಾಡಿಸಬಹುದು, ಹೆಣ್ಣಿನದಕ್ಕಿಂತ ಹಗುರ. ಆದರೆ ಉಳಿದ ವೀರ್ಯದಿಂದ ನಾಲ್ಕರಿಂದ ಆರು ವಾರ ಗಬ್ಬ ಕಟ್ಟುವ ಸಾಧ್ಯತೆಯಿದೆ, ಆ ಅವಧಿಯನ್ನು ಪೂರ್ತಿ ಕಾಯಿರಿ. ಮರಿಗಳು 10, 12 ದಿನಕ್ಕೆ ಕಣ್ಣು ಬಿಡುತ್ತವೆ, ಮೂರನೇ ವಾರಕ್ಕೆ ಹುಲ್ಲು ಕಡಿಯುತ್ತವೆ, ಎಂಟು ವಾರದವರೆಗೆ ತಾಯಿಯ ಜೊತೆ ಇರಲಿ. ಅಷ್ಟರೊಳಗೆ ಯಾರಿಗೂ ಕೊಡಬೇಡಿ, ಬೇಗ ಹಾಲು ಬಿಡಿಸಿದ ಮರಿಗಳು ಭೇದಿಯಲ್ಲಿ ಸಾಯುತ್ತವೆ. ಎಂಟನೇ ವಾರಕ್ಕೆ ಲಿಂಗ ನೋಡಿ, ಹತ್ತು ವಾರ ತುಂಬುವುದರೊಳಗೆ ಗಂಡು ಮರಿಗಳನ್ನು ತಾಯಿ ಮತ್ತು ಅಕ್ಕತಂಗಿಯರಿಂದ ಬೇರೆ ಮಾಡಿ. ತಾಯಿಯ ಆಪರೇಷನ್ ಹಾಲು ಪೂರ್ತಿ ಬತ್ತಿದ ಮೇಲೆ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಇಟ್ಟುಕೊಳ್ಳಿ. ಜೊತೆಗೆ ಬಿಡುವಾಗ ನೇರ ಹಳೆಯ ಗೂಡಿಗೆ ಹಾಕಬೇಡಿ. ಎರಡಕ್ಕೂ ಹೊಸದಾದ ಜಾಗದಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಶುರುಮಾಡಿ. ಬಹಳ ದಿನ ದೂರವಿದ್ದ ಮೊಲಗಳು ಮೊದಲಿಗೆ ಕಚ್ಚಾಡುತ್ತವೆ.