ಪಟಿಕವೋ ಸ್ಫಟಿಕವೋ: ಬಳಕೆಯ ಚೀಟಿಯಲ್ಲಿ ಏನೆಂದು ಬರೆಯುವುದು?

ಬಳಗಕ್ಕೆ ನಮಸ್ಕಾರ. ಗಡ್ಡ ಕೆರೆದ ಮೇಲೆ ಮುಖಕ್ಕೆ ಸವರುವ ಬಿಳಿ ಕಲ್ಲನ್ನು ದಾವಣಗೆರೆ ಮಂಡಿಪೇಟೆಯಲ್ಲಿ ಒಬ್ಬರು ‘ಪಟಿಕ’ ಎಂದು ಕೇಳಿದರೆ ಇನ್ನೊಬ್ಬರು ‘ಸ್ಫಟಿಕ’ ಎನ್ನುತ್ತಾರೆ. ಪೊಟ್ಟಣದ ಮೇಲೆ ‘ಆಲಂ’ ಇಲ್ಲವೇ ‘ಫಿಟ್ಕರಿ’ ಎಂದಿರುತ್ತದೆ. ಇದರ ಬಳಕೆಯ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕಿದೆ. ಯಾವ ಪದ ಸರಿ? ‘ಆಸ್ಟ್ರಿಂಜೆಂಟ್’ಗೆ ‘ಸಂಕೋಚಕ’ ಎಂದರೆ ಜನಕ್ಕೆ ತಿಳಿದೀತೇ? ಮೂಲದ ಹಾಳೆಯಲ್ಲಿ ‘ಅಲ್ಯೂಮಿನಿಯಂ ಇಲ್ಲ’ ಎಂದಿದೆ, ಹಾಗೆಯೇ ಬರೆಯಬಹುದೇ?

*

ನಮಸ್ಕಾರ ಸರ್. ಕೊನೆಯದಕ್ಕೇ ಮೊದಲ ಉತ್ತರ: ಬರೆಯಬೇಡಿ. ಪಟಿಕ ಎಂದರೇ ಪೊಟ್ಯಾಶಿಯಂ ಅಲ್ಯೂಮಿನಿಯಂ ಸಲ್ಫೇಟ್. ಕೆಲವು ಗಟ್ಟಿಗಳಲ್ಲಿ ಪೊಟ್ಯಾಶಿಯಂ ಬದಲು ಅಮೋನಿಯಂ ಇರುತ್ತದೆ, ಅಲ್ಯೂಮಿನಿಯಂ ಮಾತ್ರ ಎರಡರಲ್ಲೂ ಉಂಟು. ಆ ಲೋಹಕ್ಕೆ ಹೆಸರು ಬಂದದ್ದೇ ಪಟಿಕದ ಲ್ಯಾಟಿನ್ ಹೆಸರಾದ ‘ಅಲೂಮೆನ್’ನಿಂದ.

‘ಸ್ಫಟಿಕ’ ಬೇಡ. ಅದು ಜಪಸರದ ಮಣಿಯ ಕಲ್ಲು. ನೀರಲ್ಲಿ ಕರಗದು, ನಾಲಿಗೆಗೆ ರುಚಿಯಿಲ್ಲ. ಪಟಿಕ ಕರಗುತ್ತದೆ, ಬಾಯಿಗೆ ಒಗರು. ಬೇರು ಒಂದೇ ಆದರೂ ದಾರಿ ಬೇರೆಯಾಯಿತು: ಹಳಗನ್ನಡದ ‘ಪಳಿಕು’ ಹೊಳೆಯುವ ಕಲ್ಲಾಗಿಯೇ ಉಳಿಯಿತು, ಅಂಗಡಿಯ ‘ಪಟಿಕ’ ಅರ್ಥ ಬದಲಿಸಿತು. ಹಿಂದಿಯ ಫಿಟ್ಕರಿ ಸಂಸ್ಕೃತದ ‘ಸ್ಫಟಿಕಾರಿ’ಯಿಂದ ಬಂದದ್ದು. ಚೀಟಿ ಆಂಧ್ರದ ಗಡಿಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಗೂ ಹೋಗುವುದಾದರೆ ಒಂದು ಎಚ್ಚರ. ತೆಲುಗಿನಲ್ಲೂ ಇದು ಪಟಿಕವೇ, ಆದರೆ ‘ಪಟಿಕ ಬೆಲ್ಲಂ’ ಎಂದರೆ ಕಲ್ಲುಸಕ್ಕರೆ! ‘ಪಟಿಕ, ಅಂದರೆ ಆಲಂ, ತಿನ್ನುವುದಕ್ಕಲ್ಲ’ ಎಂದೇ ಹಾಕಿ.

‘ಸಂಕೋಚಕ’ ಪಠ್ಯಪುಸ್ತಕದ ಮಾತು. ಹಸಿ ಅಡಿಕೆ ಕಚ್ಚಿದರೆ ನಾಲಿಗೆ ಹಿಡಿದಂತಾಗುವುದು ಚನ್ನಗಿರಿಯವರಿಗೆ ಹೇಳಿಕೊಡಬೇಕೇ? ಅದೇ ಒಗರು. ಅಲ್ಲೂ ಇಲ್ಲೂ ಪ್ರೋಟೀನು ಹೆಪ್ಪುಗಟ್ಟುತ್ತದೆ. ಬ್ಲೇಡು ತಾಗಿದ ಸಣ್ಣ ಗೀರಿನ ರಕ್ತ ನಿಲ್ಲುವುದೂ ಹಾಗೆಯೇ. ‘ಚರ್ಮ ಬಿಗಿಯುತ್ತದೆ’ ಎಂದರೆ ಸಾಕು. ‘ರಂಧ್ರ ಮುಚ್ಚುತ್ತದೆ’, ‘ಬೆಳ್ಳಗಾಗಿಸುತ್ತದೆ’ ಎರಡೂ ಸುಳ್ಳು.

ಕ್ರಿಯಾಪದದಲ್ಲೂ ಜೋಕೆ. ‘ತಿಕ್ಕಿ’ ಅಂದರೆ ಜನ ತಿಕ್ಕಿಯೇ ಬಿಡುತ್ತಾರೆ, ‘ಸವರಿ’ ಅನ್ನಿ. ಅದಕ್ಕೂ ಮೊದಲು ‘ಸೋಪಿನ ನೊರೆ ಪೂರಾ ತೊಳೆಯಿರಿ’ ಎಂಬ ಸಾಲು ಬರಬೇಕು. ಸೋಪಿಗೆ ಪಟಿಕ ಸೇರಿದರೆ ನೀರಲ್ಲಿ ಕರಗದ ಅಲ್ಯೂಮಿನಿಯಂ ಸೋಪಾಗಿ ಬಿಳಿ ಅಂಟು ಕೂರುತ್ತದೆ. ಗಟ್ಟಿ ಕಳಪೆ ಎಂದು ಜನ ಅಂಗಡಿಯವನನ್ನು ಬೈಯುತ್ತಾರೆ. ಒದ್ದೆ ಮಾಡಿದ ಗಟ್ಟಿಯನ್ನು ಒಂದೇ ಸಲ ಸವರಿ, ಅರ್ಧ ನಿಮಿಷ ಬಿಟ್ಟು ತಣ್ಣೀರಲ್ಲಿ ತೊಳೆದು, ಮಾಯಿಶ್ಚರೈಸರ್ ಹಚ್ಚುವುದು. ತೊಳೆಯದೆ ಬಿಟ್ಟರೆ ಚರ್ಮ ಒಣಗಿ ಸಿಪ್ಪೆ ಏಳುತ್ತದೆ.

ಗಟ್ಟಿಯ ಬದಲು ಪಟಿಕದ ನೀರು ಹಚ್ಚಲು ಹೇಳುವುದಾದರೆ, ‘ಒಂದು ತುಂಡು ಕರಗಿಸಿ’ ಎಂಬುದು ಅಳತೆಯಲ್ಲ. 100 ಮಿಲಿ ತಣ್ಣೀರಿನಲ್ಲಿ 10 ಗ್ರಾಂ ಕೂಡ ಕರಗಿಬಿಡುತ್ತದೆ. 1 ಗ್ರಾಂ ಎಂದು ಬರೆಯಿರಿ. ಅಷ್ಟಕ್ಕೇ ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3ರಿಂದ 4ರ ನಡುವೆ ಇಳಿಯುತ್ತದೆ, ಚರ್ಮದ್ದು 5ರ ಆಸುಪಾಸು. ಉರಿಗೆ ಕಾರಣ ಇದೇ, ಮೇಲೆ ನಿಂಬೆರಸ ಬೇರೆ ಹಿಂಡಿದರೆ ಕೇಳುವುದೇ ಬೇಡ. ಅಡುಗೆ ಸೋಡ ಸೇರಿಸಿದರೆ ನೊರೆಯೆದ್ದು ಒಗರೇ ಹೋಗುತ್ತದೆ. ಅರಿಸಿನದ ಜೊತೆಗಂತೂ ಬೇಡ: ಸಹಜ ಬಣ್ಣ ಹಾಕುವವರು ನೂಲಿಗೆ ಬಣ್ಣ ಕಚ್ಚಲೆಂದು ಬಳಸುವುದು ಇದೇ ಪಟಿಕವನ್ನು. ಮುಖವೂ ನೂಲೇ ಆದೀತು.

‘ಹುರಿದ ಪಟಿಕ’ ಬೇರೆ ಸರಕು. ಸುಮಾರು 92 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿ ತನ್ನೊಳಗಿನ ನೀರಿನಲ್ಲೇ ಕರಗಿ, ಕುದ್ದು, ಉಬ್ಬಿ ಪುಡಿಯಾಗುತ್ತದೆ. ನೀರು ಕಳೆದುಕೊಂಡ ಆ ಪುಡಿ ಬಲು ಖಾರ, ಮುಖಕ್ಕೆ ಸಲ್ಲದು.

ಇಸುಬು, ಬಿರುಕು, ಕಣ್ಣಿನ ಸುತ್ತ ಬೇಡ. ದೇಹದ ಅಲ್ಯೂಮಿನಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕ, ಆದ್ದರಿಂದ ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಲಿ. ‘ಒಬ್ಬರ ಗಟ್ಟಿ ಒಬ್ಬರಿಗೇ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ರಕ್ತ ತಾಗಿದ ಗಟ್ಟಿಯಿಂದ ಹೆಪಟೈಟಿಸ್ ಬಿ ದಾಟಬಹುದು.

*

ಚಿತ್ರದುರ್ಗದಿಂದ ಒಂದು ಸೇರ್ಪಡೆ, ಸರ್. ದೃಷ್ಟಿಗೆಂದು ಕೆಂಪು ಬಟ್ಟೆಯಲ್ಲಿ ಕಟ್ಟಿ ಮಾರುವುದೂ ಇದೇ ಗಟ್ಟಿಯನ್ನೇ. ಅಮಾವಾಸ್ಯೆಗೆ ಇಳಿಸಿದ ಮೇಲೆ ಅದನ್ನು ಬಚ್ಚಲಿಗೆ ತರಬಾರದೆಂದೂ ಬರೆಯಿರಿ. ಕುಂಕುಮ, ರಸ್ತೆ ಧೂಳು ಎಲ್ಲ ಅದರಲ್ಲೇ ಹೂತಿರುತ್ತದೆ.