‘ತೆಗೆದುಹಾಕಲಾಗಿದೆ’: ಯಾರು ತೆಗೆದದ್ದು?

ಎಲ್ಲರಿಗೂ ನಮಸ್ಕಾರ.

ಬಿಡುವಿದ್ದಾಗ ತಂತ್ರಾಂಶಗಳ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿರುತ್ತೇನೆ. ಈ ಸಲ ಕೈಗೆ ಬಂದಿರುವುದು, ಆಡ್-ಆನ್ (ಬ್ರೌಸರಿನಂಥ ತಂತ್ರಾಂಶಕ್ಕೆ ನಾವು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ‘ವಿಸ್ತರಣೆ’ ಎಂದೂ ಕರೆಯುತ್ತಾರೆ) ಒಂದನ್ನು ಆನ್‌ಲೈನ್ ಅಂಗಡಿಯಿಂದ ತೆಗೆದಾಗ ಬಳಸುವವರಿಗೆ ತೋರಿಸುವ ಹನ್ನೆರಡು ಸಾಲು. ‘ತೆಗೆದುಹಾಕಲಾಗಿದೆ’ ಎಂದರೆ ಸಾಕೇ ಎಂದು ಮೂರು ದಿನದಿಂದ ನಾಲ್ಕನೇ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ.

ನಾವು ಅನುವಾದಕರು ಎಲ್ಲಕ್ಕೂ ‘-ಲಾಗಿದೆ’ ಹಚ್ಚಿಬಿಡುತ್ತೇವೆ. ಹೋದ ತಿಂಗಳು ನಮ್ಮ ಮಾವನವರ ಕಂಪ್ಯೂಟರಿನಲ್ಲಿ ಇಂಥದೇ ಒಂದು ಸಾಲು ಬಂತು: ‘ಈ ವಿಸ್ತರಣೆಯನ್ನು ನಿಷ್ಕ್ರಿಯಗೊಳಿಸಲಾಗಿದೆ.’ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಯಾರ್ ಮಾಡಿದ್ದು? ನೀವೇನಾದ್ರೂ ಮುಟ್ಟಿದ್ರಾ?’ ಅಂದರು. ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ‘ಸೂಚಿಸಲಾಗಿದೆ’, ‘ಆದೇಶಿಸಲಾಗಿದೆ’ ಬರೆದ ಕೈ ಅವರದು. ‘-ಲಾಗಿದೆ’ಯ ಮರೆಯಲ್ಲಿ ಯಾರೋ ಒಬ್ಬರು ಕೂತಿರುತ್ತಾರೆಂದು ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು!

ಈ ರೂಪದಲ್ಲಿ ಕರ್ಮಪದ ‘ಅನ್ನು’ ಇಟ್ಟುಕೊಂಡು ಹಾಗೇ ಉಳಿಯುತ್ತದೆ, ಕರ್ತೃ ಮಾತ್ರ ಮಾಯ. ‘ಅಂಗಡಿಯವರಿಂದ ತೆಗೆದುಹಾಕಲಾಗಿದೆ’ ಎಂದು ಸೇರಿಸಬಹುದು, ಆದರೆ ಬಾಯಿಗೆ ಒಗ್ಗುವುದಿಲ್ಲ.

ಪ್ರೋಗ್ರಾಂ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ತಂತ್ರಾಂಶ ವಿಷುವಲ್ ಸ್ಟುಡಿಯೋ ಕೋಡ್‌ನ ಅಂಗಡಿಯನ್ನೇ ನೋಡಿ. ಬರೆದವರೇ ತಮ್ಮ ಆಡ್-ಆನನ್ನು ವಾಪಸು ಪಡೆಯಬಹುದು. ಮೈಕ್ರೋಸಾಫ್ಟ್ ತೆಗೆಯಬಹುದು. ಕುತಂತ್ರಾಂಶವೆಂದು ಖಾತ್ರಿಯಾದರೆ ತಡೆಪಟ್ಟಿಗೆ ಸೇರಿಸುತ್ತಾರೆ, ಆಗ ಅದು ಬಳಸುವವರ ಕಂಪ್ಯೂಟರಿನಿಂದಲೂ ತಾನಾಗಿ ಹೋಗುತ್ತದೆ. 2025ರ ಫೆಬ್ರುವರಿಯಲ್ಲಿ, ಪರದೆಯ ಬಣ್ಣ-ರೂಪ ಬದಲಿಸುವ ಮೆಟೀರಿಯಲ್ ಥೀಮ್ ಎಂಬ ಆಡ್-ಆನನ್ನು ಕುತಂತ್ರಾಂಶವೆಂದು ಬಗೆದು ಹೀಗೇ ತೆಗೆದರು. ಮಾರ್ಚಿನಲ್ಲಿ ‘ತಪ್ಪಾಯಿತು’ ಎಂದು ಕ್ಷಮೆ ಕೇಳಿ ಮರಳಿ ಇಟ್ಟರು. ಈಗ ತೆಗೆದವುಗಳ ಪಟ್ಟಿಯನ್ನು ಗಿಟ್‌ಹಬ್ ಎಂಬ, ತಂತ್ರಾಂಶದ ಕಡತಗಳನ್ನು ಹಂಚಿಕೊಳ್ಳುವ ಜಾಲತಾಣದಲ್ಲಿ ಹೆಸರು, ದಿನಾಂಕ, ಕಾರಣದ ಸಮೇತ ಹಾಕುತ್ತಾರೆ. ಅಂಥ ಪಟ್ಟಿಯನ್ನು ಕನ್ನಡಕ್ಕೆ ತರುವಾಗ ಎಲ್ಲದರ ಮುಂದೂ ‘ತೆಗೆದುಹಾಕಲಾಗಿದೆ’ ಎಂದು ಬರೆದರೆ, ಅವರು ಬಿಚ್ಚಿಟ್ಟದ್ದನ್ನು ನಾವು ಮುಚ್ಚಿಟ್ಟ ಹಾಗೆ.

ನನಗೆ ತೋಚಿದ್ದು: ಬರೆದವರೇ ತೆಗೆದಿದ್ದರೆ ‘ಹಿಂಪಡೆದಿದ್ದಾರೆ’. ಇಲ್ಲಿ ‘ಅಪ್ರಕಟಿತ’ ಎಂದು ಬಳಸಿದ್ದನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಅಪ್ರಕಟಿತ ಕವಿತೆ ಎಂದರೆ ಇನ್ನೂ ಅಚ್ಚಾಗದ್ದು. ಇದು ಅಚ್ಚಾಗಿ, ಹಂಚಿಹೋಗಿ, ಆಮೇಲೆ ಹಿಂದಕ್ಕೆ ಬಂದದ್ದು. ಅಂಗಡಿಯವರೇ ತೆಗೆದಿದ್ದರೆ ನೇರವಾಗಿ ‘ಅಂಗಡಿಯಿಂದ ತೆಗೆದಿದ್ದೇವೆ’. ವಿಚಾರಣೆ ಮುಗಿಯುವವರೆಗೆ ತಡೆಹಿಡಿದಿದ್ದರೆ ‘ಅಮಾನತು’. ಅಮಾನತಾದವರು ವಾಪಸು ಬರಬಹುದೆಂಬುದು ಎಲ್ಲರಿಗೂ ಗೊತ್ತು. ನಿಮ್ಮ ಕಂಪ್ಯೂಟರಿನಿಂದಲೂ ಹೋಗಿದ್ದರೆ ಅದನ್ನು ಬೇರೆ ವಾಕ್ಯದಲ್ಲೇ ಹೇಳಬೇಕು: ‘ನಿಮ್ಮ ಕಂಪ್ಯೂಟರಿನಿಂದಲೂ ಅಳಿಸಿದ್ದೇವೆ.’ ಅಂಗಡಿಯ ಕಪಾಟಿನಿಂದ ತೆಗೆಯುವುದು ಬೇರೆ, ನಮ್ಮ ಮನೆಯೊಳಗೆ ಬಂದು ಎತ್ತಿಕೊಂಡು ಹೋಗುವುದು ಬೇರೆ.

ಕಾರಣ ಹೇಳಲು ಒಂದು ಪದ ಮಾತ್ರ ತಡಕಾಡದೆ ಸಿಕ್ಕಿತು. ಹೆಸರುವಾಸಿ ಆಡ್-ಆನ್‌ನ ಹೆಸರು, ಚಿತ್ರ ಕದ್ದು ಅದೇ ತಾನೆಂದು ನಟಿಸುವಂಥದಕ್ಕೆ ‘ಸೋಗು’. ‘ನಕಲಿ’ಗಿಂತ ಇದು ಸರಿ ಅನಿಸುತ್ತದೆ, ವೇಷ ಹಾಕಿದ್ದು ಇದರಲ್ಲಿ ಕಾಣುತ್ತದೆ. ಒಪ್ಪುತ್ತೀರಾ?

ಇನ್ನೊಂದು ಆಸೆ ಇದೆ, ನಗಬೇಡಿ: ‘ಎತ್ತಂಗಡಿ’. ಎತ್ತು, ಅಂಗಡಿ ಎಂದೇ ಬಿಡಿಸಬಹುದಲ್ಲವೇ? ಅಂಗಡಿಯ ಸಂಗತಿಗೆ ಹೇಳಿ ಮಾಡಿಸಿದಂತಿದೆ. ಆದರೆ ಪತ್ರಿಕೆ ಓದುವವರಿಗೆ ಮೊದಲು ನೆನಪಾಗುವುದು ರಾತ್ರೋರಾತ್ರಿ ವರ್ಗವಾದ ಅಧಿಕಾರಿ, ಇಲ್ಲವೇ ಪುಟ್‌ಪಾತಿನಿಂದ ಎಬ್ಬಿಸಿದ ವ್ಯಾಪಾರಿ. ಪದದೊಳಗೇ ‘ಹೇಳದೆ ಕೇಳದೆ’ ಎಂಬ ದೂರು ಕೂತಿದೆ. ಅಧಿಕೃತ ಸಂದೇಶದಲ್ಲಿ ಅಂಗಡಿಯವರು ತಮ್ಮನ್ನೇ ಹೀಗೆ ದೂರಿಕೊಳ್ಳುತ್ತಾರೆಯೇ?

ಕೇಳಬೇಕಾದದ್ದು ಎರಡು. ಮೊದಲನೆಯದು, ‘ತೆಗೆದಿದ್ದೇವೆ’ಯಲ್ಲಿನ ‘ನಾವು’ ಓದುವವರಿಗೆ ಅಂಗಡಿಯವರೆಂದು ಹೊಳೆಯುತ್ತದೆಯೇ, ಅಥವಾ ಬ್ರೌಸರ್ ಮಾಡಿದವರೆಂದು ಗೊಂದಲವಾಗುತ್ತದೆಯೇ? ಎರಡನೆಯದು, ನಿಮ್ಮ ಕಡೆ ‘ಎತ್ತಂಗಡಿ’ಗೆ ವರ್ಗಾವಣೆ, ಒಕ್ಕಲೆಬ್ಬಿಸುವಿಕೆ ಬಿಟ್ಟು ಬೇರೆ ಅರ್ಥವಿದೆಯೇ? ಉತ್ತರ ಕರ್ನಾಟಕದವರು, ಕರಾವಳಿಯವರು ಹೇಳಿದರೆ ಉಪಕಾರ. ಕಡತ ಸೋಮವಾರ ವಾಪಸು ಕೊಡಬೇಕು.