ಅಪ್‌ಡೇಟ್: ಕೋವಿಡ್ ಆದಮ್ಯಾಲ ಅವ್ವನ ಬಿಪಿ

ಕೋವಿಡ್ ಆದಮ್ಯಾಲ ನಮ್ಮ ಅವ್ವಗ ಬಿಪಿ ಏರಾಕತ್ತದ, ಅದಕ್ಕೂ ಇದಕ್ಕೂ ಸಂಬಂಧ ಅದ ಏನು ಅಂತ ಹಿಂದ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ಲಾರಿಗೂ ಥ್ಯಾಂಕ್ಸ್ ರೀ. ವಿಜಯಪುರದಾಗ ಹಾರ್ಟ್ ಡಾಕ್ಟರಿಗೆ ತೋರಿಸ್ಕೊಂಡ್ ಬಂದ್ವಿ. ಇಸಿಜಿ, ಎಕೋ ನಾರ್ಮಲ್, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ.

ಈ ವೈರಸ್ ರಕ್ತನಾಳದ ಒಳಪದರಕ್ಕೂ ಪೆಟ್ಟು ಕೊಡ್ತದ ಅಂದ್ರು, ನಾಳ ಸಡಿಲ ಇಡೋದ ಆ ಪದರ, ಅದು ಕೆಟ್ರ ನಾಳ ಬಿರುಸಾಗಿ ಮ್ಯಾಲಿನ ಬಿಪಿ ಏರ್ತದಂತ. 2025ರಾಗ ಯುರೋಪಿಯನ್ ಹಾರ್ಟ್ ಜರ್ನಲ್‌ದಾಗ ಬಂದ ಕಾರ್ಟೇಸಿಯನ್ ಸ್ಟಡಿ ನಾನೂ ಓದಿದೆ, 16 ದೇಶದ 2390 ಮಂದಿನ್ನ ನೋಡ್ಯಾರ, ಕುತ್ತಿಗಿಯಿಂದ ತೊಡಿ ತನಕ ನಾಡಿಬಡಿತದ ಅಲೆ ಎಷ್ಟು ಲಗೂ ಹೋಗ್ತದ ಅಂತ ಅಳೆದಾರ (ನಾಳ ಬಿರುಸಾದಷ್ಟು ಅದು ಲಗೂ ಹೋಗ್ತದ), ಸಾದಾ ಕೋವಿಡ್ ಆದ ಹೆಣ್ಣಮಕ್ಕಳಾಗೂ ನಾಳಕ್ಕ ಸುಮಾರು 5 ವರ್ಷ ಹೆಚ್ಚಿಗಿ ವಯಸ್ಸಾದಂಗ ಕಂಡದ, ಗಂಡಸ್ರಾಗ ಅಂಥಾ ಫರಕ್ ಇಲ್ಲ. ಲಸಿಕಿ ಹಾಕಿಸ್ಕೊಂಡ ಹೆಣ್ಣಮಕ್ಕಳಾಗ ಬಿರುಸು ಕಡಿಮಿ ಇತ್ತಂತ, ಇದು ಓದಿ ನನಗ ಭಾಳ ಸಮಾಧಾನ ಆತು, ಅವ್ವಗ ಹಾಕ್ಸೇವಿ.

ಆದ್ರ ಅವ್ವಂದು ವಯಸ್ಸಿನಿಂದನೂ ಇರಬಹುದು, ಕೋವಿಡ್‌ನಿಂದನ ಅಂತ ಖಾತ್ರಿ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರ್, ಹೆಂಗಿದ್ರೂ ಔಷಧ ಅದ. ಬಿಪಿ ಗುಳಿಗಿ ಚಾಲೂ ಆಗ್ಯಾದ, ಮುಂಜಾನಿ ಗೋಳಗುಮ್ಮಟದ ಕಡೆ ವಾಕಿಂಗ್, ಊಟದಾಗ ಉಪ್ಪಿನಕಾಯಿ, ಹಪ್ಪಳ ಬಂದ್.

ಇನ್ನೊಂದು, ಮನ್ಯಾಗ ಬಿಪಿ ನೋಡೋವಾಗ 5 ನಿಮಿಷ ಸುಮ್ನ ಕುಂಡ್ರಿಸಿ, ಬೆನ್ನಿಗೆ ಆಸರ ಕೊಟ್ಟು, ಕೈ ಎದಿಮಟ್ಟಕ್ಕ ಟೇಬಲ್ ಮ್ಯಾಲ ಇಡಸ್ರಿ. ಪಟ್ಟಿ ಬಿಗಿಯಾಗೋವಾಗನ ಅವ್ವ ಬಾಜೂಮನಿಯವ್ರ ಸುದ್ದಿ ತಗೀತಾಳ, ಮಾತಾಡಿದ್ರ ರೀಡಿಂಗ್ ಏರ್ತದ. ಈಗ ಮ್ಯಾಲಿನ ಬಿಪಿ 150ರ ಆಸುಪಾಸು ಇದ್ದದ್ದು 130ಕ್ಕ ಬಂದದ. ಮೂರು ತಿಂಗಳ ಬಿಟ್ಟು ಮತ್ತ ಕೊಲೆಸ್ಟ್ರಾಲ್ ಟೆಸ್ಟ್ ಅದ.